ಬೈಕ್ ಇಂಜಿನ್ನಿನ ಬೋಲ್ಟ್ ಥ್ರೆಡ್ ಹೋದರೆ: ಅಳತೆಯಿಂದ ಹೆಲಿಕಾಯಿಲ್‌ವರೆಗೆ

ಬೋಲ್ಟ್ ಬಿಗಿಯಾಗುತ್ತಾ ಬರುತ್ತದೆ. ಇನ್ನೊಂದು ಕಾಲು ಸುತ್ತು ಇರಲಿ ಎಂದು ಎಳೆಯುತ್ತೀರಿ. ಇದ್ದಕ್ಕಿದ್ದಂತೆ ಸ್ಪ್ಯಾನರ್ ಹಗುರವಾಗುತ್ತದೆ, ಬೋಲ್ಟ್ ಸುಮ್ನೆ ತಿರುಗುತ್ತಾ ಇರುತ್ತದೆ. ಬಿಚ್ಚಿ ನೋಡಿದರೆ ಬೋಲ್ಟಿಗೆ ಬೆಳ್ಳಿ ಬಣ್ಣದ ಸಣ್ಣ ಸ್ಪ್ರಿಂಗ್ ಸುತ್ತಿಕೊಂಡಿರುತ್ತದೆ. ಅದು ಸ್ಪ್ರಿಂಗ್ ಅಲ್ಲ, ಇಂಜಿನ್ನಿನ ಅಲ್ಯೂಮಿನಿಯಂ ಥ್ರೆಡ್, ಅಂದರೆ ಬೋಲ್ಟನ್ನು ಹಿಡಿಯಲು ತೂತಿನ ಒಳಗಿರುವ ಏಣುಗಳು.

ಇಷ್ಟಕ್ಕೇ ಇಂಜಿನ್ ಕೇಸ್ ಬದಲಿಸಬೇಕಾಗಿಲ್ಲ. 100ರಿಂದ 150 ಸಿಸಿಯ ಬೈಕುಗಳಲ್ಲಿ ಇಂಥ ತೂತುಗಳನ್ನು ಮನೆಯಲ್ಲೇ ಸರಿ ಮಾಡಬಹುದು. ಸರಿಯಾಗಿ ಮಾಡಿದರೆ ಹೊಸ ಥ್ರೆಡ್ ಹಳೆಯದಕ್ಕಿಂತ ಗಟ್ಟಿ. ಆದರೆ ಒಂದು ವಿಷಯ ಮೊದಲೇ ಹೇಳುತ್ತೇನೆ. ವಿಡಿಯೋಗಳಲ್ಲಿ ಎಲ್ಲರೂ ತೋರಿಸುವ ಹೆಲಿಕಾಯಿಲ್ (ತೂತಿಗೆ ಹೊಸ ಥ್ರೆಡ್ ಕೊಡುವ ತಂತಿಯ ಸುರುಳಿ) ಕೂರಿಸುವ ಕೆಲಸ ಐದು ನಿಮಿಷದ್ದು. ನಿಜವಾದ ಕೆಲಸ ಅದಕ್ಕಿಂತ ಮುಂಚಿನದು: ಅಳತೆ ಹಿಡಿಯುವುದು, ತೂತು ನೆಟ್ಟಗೆ ಕೊರೆಯುವುದು, ಲೋಹದ ಪುಡಿ ಇಂಜಿನ್ ಒಳಗೆ ಹೋಗದಂತೆ ನೋಡಿಕೊಳ್ಳುವುದು. ಈ ಮೂರರಲ್ಲಿ ಅವಸರ ಮಾಡಿದರೆ ಎಷ್ಟು ಒಳ್ಳೆಯ ಕಿಟ್ ತಂದರೂ ಪ್ರಯೋಜನವಿಲ್ಲ.

ನಮ್ಮ ಕರಾವಳಿ ಕಡೆ ಈ ಕಾಟ ಯಾಕೆ ಜಾಸ್ತಿ

ಇಂಜಿನ್ ಕೇಸ್ ಅಲ್ಯೂಮಿನಿಯಂ, ಬೋಲ್ಟ್ ಉಕ್ಕು. ಬೇರೆ ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ, ಬಿಳಿ ಪುಡಿ ಏಳುತ್ತದೆ. ಪಣಂಬೂರು, ಮಲ್ಪೆ ಬೀಚಿನ ಹತ್ತಿರ ದಿನಾ ನಿಲ್ಲುವ ಬೈಕನ್ನು ನೋಡಿದರೆ ಬೋಲ್ಟ್ ತಲೆಗಳ ಸುತ್ತ ಈ ಪುಡಿ ಕಾಣುತ್ತದೆ. ಮರವಂತೆಯ ಹತ್ತಿರ ಹೆದ್ದಾರಿ 66 ಸಮುದ್ರಕ್ಕೆ ಅಂಟಿಕೊಂಡೇ ಹೋಗುತ್ತದೆ. ಮಳೆಗಾಲದಲ್ಲಿ ಅಲ್ಲಿ ಬೈಕ್ ಓಡಿಸಿದವರಿಗೆ ಕನ್ನಡಕದ ಮೇಲೆ ಕೂರುವ ಉಪ್ಪು ಗೊತ್ತು. ಅದೇ ಉಪ್ಪು ಇಂಜಿನ್ ಮೇಲೂ ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಆರುವುದೂ ಇಲ್ಲ.

ಬಿಳಿ ಪುಡಿ ಥ್ರೆಡ್ ಸಂದಿಯಲ್ಲಿ ತುಂಬಿ ಬೋಲ್ಟನ್ನು ಹಿಡಿದುಬಿಡುತ್ತದೆ. ವರ್ಷಗಳ ನಂತರ ಜೋರಾಗಿ ಬಿಚ್ಚುವಾಗ ಬೋಲ್ಟ್ ಜೊತೆಗೆ ಥ್ರೆಡ್ಡೂ ಬರುತ್ತದೆ. ಅಂದರೆ ಎಷ್ಟೋ ಸಲ ಥ್ರೆಡ್ ಹೋಗುವುದು ಬಿಗಿಮಾಡುವಾಗ ಅಲ್ಲ, ಬಿಚ್ಚುವಾಗ.

ಹಿಡಿದುಕೊಂಡ ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಿಗ್ಗೆ ಬೋಲ್ಟಿನ ತಲೆಗೆ ನೇರವಾಗಿ ಸುತ್ತಿಗೆಯಲ್ಲಿ ಎರಡು ಮೂರು ಸಣ್ಣ ಏಟು ಕೊಡಿ. ಆಮೇಲೂ ಬಾರದಿದ್ದರೆ ಹಾಟ್ ಏರ್ ಗನ್ನಿನಿಂದ ಸುತ್ತಲಿನ ಕೇಸ್ ಬಿಸಿ ಮಾಡಿ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ಹಿಡಿತ ಸಡಿಲವಾಗುತ್ತದೆ. ಪೆಟ್ರೋಲ್ ಪೈಪ್ ಪಕ್ಕದಲ್ಲೇ ಉಂಟು ಎಂಬುದು ನೆನಪಿರಲಿ. ಎಣ್ಣೆ ಒರೆಸಿದ ಮೇಲೆಯೇ ಬಿಸಿ ಮಾಡಿ, ಬೆಂಕಿಯ ಟಾರ್ಚ್ ಬೇಡ.

ನಿಜವಾಗಿ ಥ್ರೆಡ್ ಹೋಗಿದೆಯಾ?

ಬೋಲ್ಟ್ ಬಿಗಿಯಾಗುತ್ತಿಲ್ಲ ಎಂದ ಕೂಡಲೇ ಡ್ರಿಲ್ ಹಿಡಿಯಬೇಡಿ. ಕ್ಲಚ್ ಕವರಿನ ಬೋಲ್ಟುಗಳೆಲ್ಲ ಒಂದೇ ಉದ್ದ ಇರುವುದಿಲ್ಲ. ಉದ್ದದ್ದು ಗಿಡ್ಡ ತೂತಿಗೆ ಹೋದರೆ ತಳಕ್ಕೆ ತಾಗಿ ನಿಲ್ಲುತ್ತದೆ, ಕವರ್ ಮಾತ್ರ ಸಡಿಲ. ಅದನ್ನೇ ಮತ್ತೆ ಎಳೆದರೆ ಆಗ ಥ್ರೆಡ್ ನಿಜವಾಗಿಯೂ ಹೋಗುತ್ತದೆ. ಗಿಡ್ಡದ್ದು ಆಳದ ತೂತಿಗೆ ಹೋದರೆ ಎರಡು ಮೂರು ಸುತ್ತಿಗಷ್ಟೇ ಹಿಡಿತ. ಬೋಲ್ಟಿನ ಹಿಡಿತದಲ್ಲಿ ಮೊದಲ ಸುತ್ತಿಗೇ ಸುಮಾರು ಮೂರನೇ ಒಂದು ಪಾಲು ಭಾರ ಬೀಳುತ್ತದೆ. ಸುತ್ತುಗಳು ಕಡಿಮೆಯಾದಷ್ಟೂ ಕಿತ್ತು ಬರುವುದು ಸುಲಭ. ಕವರ್ ಬಿಚ್ಚುವಾಗ ಒಂದು ರಟ್ಟಿನ ಮೇಲೆ ಅದರ ಆಕಾರ ಬರೆದು, ಬೋಲ್ಟುಗಳನ್ನು ಅದೇ ಜಾಗದಲ್ಲಿ ಚುಚ್ಚಿಡಿ. ಈ ಗೊಂದಲ ಬರುವುದೇ ಇಲ್ಲ.

ತೂತಿಗೆ ಟಾರ್ಚ್ ಬಿಟ್ಟು ನೋಡಿ. ಬೆಂಕಿಕಡ್ಡಿ ಇಳಿಸಿ ಆಳ ಅಳೆಯಿರಿ. ಕೆಲವು ತೂತುಗಳಲ್ಲಿ ಬೋಲ್ಟ್ ತಲುಪದ ಕಡೆ, ತಳದಲ್ಲಿ, ಒಳ್ಳೆಯ ಥ್ರೆಡ್ ಉಳಿದಿರುತ್ತದೆ. ಹಾಗಿದ್ದರೆ 5 ಎಂಎಂ ಅಥವಾ 10 ಎಂಎಂ ಉದ್ದ ಜಾಸ್ತಿ ಇರುವ ಬೋಲ್ಟ್ ಹಾಕಿದರೆ ಕೆಲಸ ಮುಗಿಯಿತು. ಬೋಲ್ಟ್ ತಳಕ್ಕೆ ತಾಗಬಾರದು, ಅಷ್ಟೇ. ಇದು ಅಗ್ಗದ ರಿಪೇರಿ, ಬಹಳ ಜನ ಯೋಚಿಸದ ರಿಪೇರಿ.

ಥ್ರೆಡ್ ಕಿತ್ತು ಬಂದಿಲ್ಲ, ಬರೀ ಕೊಳೆ ತುಂಬಿದೆ ಎಂದಾದರೆ ಅದೇ ಅಳತೆಯ ಟ್ಯಾಪನ್ನು (ತೂತಿನೊಳಗೆ ಥ್ರೆಡ್ ಕತ್ತರಿಸುವ ಉಪಕರಣ) ಕೈಯಲ್ಲೇ ಮೆಲ್ಲಗೆ ಇಳಿಸಿ ತೆಗೆಯಿರಿ.

ಅಳತೆ ಹಿಡಿಯುವುದು

8ರ ಸ್ಪ್ಯಾನರ್ ಹಿಡಿಯುತ್ತದೆ ಎಂದು ಅಂಗಡಿಯಲ್ಲಿ 8 ಎಂಎಂ ಬೋಲ್ಟ್ ಕೇಳುವವರು ಇದ್ದಾರೆ. ಸ್ಪ್ಯಾನರಿನ ಸಂಖ್ಯೆ ತಲೆಯದ್ದು, ಬೋಲ್ಟಿನದ್ದಲ್ಲ. ಸಣ್ಣ ಬೈಕುಗಳಲ್ಲಿ 8 ಅಥವಾ 10ರ ಸ್ಪ್ಯಾನರ್ ಹಿಡಿಯುವುದು ಸಾಮಾನ್ಯವಾಗಿ 6 ಎಂಎಂ ಬೋಲ್ಟ್. 12 ಅಥವಾ 13ರದ್ದು 8 ಎಂಎಂ. 14ರದ್ದು 10 ಎಂಎಂ. 17ರ ಸ್ಪ್ಯಾನರ್ ಹಿಡಿಯುವ ಆಯಿಲ್ ಡ್ರೈನ್ ಬೋಲ್ಟ್ ಹೆಚ್ಚಾಗಿ 12 ಎಂಎಂ. ಹೆಚ್ಚಾಗಿ ಎಂದೆ, ಎಲ್ಲವೂ ಎಂದಲ್ಲ. ದಪ್ಪ ಅಳೆಯುವ ವರ್ನಿಯರ್ ಹಿಡಿದು ನೋಡಿಯೇ ತೀರ್ಮಾನಿಸಿ.

ದಪ್ಪ ಗೊತ್ತಾದರೆ ಸಾಲದು, ಪಿಚ್ ಕೂಡ ಬೇಕು. ಪಿಚ್ ಎಂದರೆ ಒಂದು ಏಣಿನಿಂದ ಮುಂದಿನ ಏಣಿಗೆ ಇರುವ ದೂರ. 6 ಎಂಎಂಗೆ 1.0, 8 ಎಂಎಂಗೆ 1.25. ಇವೆರಡೂ ಹಾರ್ಡ್‌ವೇರ್ ಅಂಗಡಿಯ ಬೋಲ್ಟಿಗೆ ಹೊಂದುತ್ತವೆ. ತಕರಾರು ಇರುವುದು ಮೇಲಿನ ಅಳತೆಗಳಲ್ಲಿ. ಬೈಕಿನ 10 ಎಂಎಂ ಬೋಲ್ಟಿನ ಪಿಚ್ ಸಾಮಾನ್ಯವಾಗಿ 1.25, ಆದರೆ ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಟ್ಟರೆ ಅದು 1.5. 12 ಎಂಎಂ ಡ್ರೈನ್ ಬೋಲ್ಟಿನದ್ದು 1.5, ಅಂಗಡಿಯದ್ದು 1.75. ಮೊದಲ ಎರಡು ಸುತ್ತು ಚೆನ್ನಾಗಿಯೇ ಹೋಗುತ್ತದೆ, ಆಮೇಲೆ ಬಿಗಿ. ಬಲ ಹಾಕಿದಿರೋ, ಒಳ್ಳೆಯ ಥ್ರೆಡ್ ಕೂಡ ಹಾಳು. ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಅಂಗಡಿಗೆ ಹೋಗುವಾಗ ಹಳೆಯ ಬೋಲ್ಟ್ ಜೇಬಿನಲ್ಲಿರಲಿ. ಹೊಸದನ್ನು ಅದರ ಪಕ್ಕದಲ್ಲಿ ಹಿಡಿದು ಬೆಳಕಿಗೆ ನೋಡಿ. ಏಣುಗಳು ಒಂದರೊಳಗೊಂದು ಕೂರಬೇಕು, ನಡುವೆ ಬೆಳಕು ಕಾಣಬಾರದು.

ಯಾವ ರಿಪೇರಿ?

ದೊಡ್ಡ ಬೋಲ್ಟ್ ಹಾಕುವುದು ಒಂದು ದಾರಿ. 6 ಎಂಎಂ ತೂತನ್ನು 6.8ಕ್ಕೆ ಕೊರೆದು 8 ಎಂಎಂ ಟ್ಯಾಪ್ ಹೊಡೆಯುವುದು. ಗ್ಯಾರೇಜುಗಳಲ್ಲಿ ಹೆಚ್ಚು ನಡೆಯುವುದು ಇದೇ. ನನಗೆ ಇಷ್ಟವಿಲ್ಲ. ತೂತಿನ ಸುತ್ತಲಿನ ಗೋಡೆ ತೆಳುವಾಗುತ್ತದೆ, ಕವರಿನ ತೂತನ್ನೂ ದೊಡ್ಡದು ಮಾಡಬೇಕು, ಮುಂದಿನ ಸಲ ಹೋದರೆ ಕೊರೆಯಲು ಜಾಗವೇ ಇರುವುದಿಲ್ಲ.

ಎರಡನೆಯದು ಹೆಲಿಕಾಯಿಲ್. ಸ್ಟೇನ್‌ಲೆಸ್ ತಂತಿಯ ಸುರುಳಿ ಅದು. ತೂತನ್ನು ಸ್ವಲ್ಪ ಕೊರೆದು, ಅದಕ್ಕೆಂದೇ ಇರುವ ಟ್ಯಾಪ್ ಹೊಡೆದು, ಸುರುಳಿ ಕೂರಿಸಿದರೆ ಒಳಗೆ ಮತ್ತೆ 6 ಎಂಎಂ ಥ್ರೆಡ್ ಸಿಗುತ್ತದೆ. ಹಳೆಯ ಬೋಲ್ಟೇ ಸಾಕು. ಈಗ ಅಲ್ಯೂಮಿನಿಯಂ ಹಿಡಿಯುವುದು ದೊಡ್ಡ ಸುತ್ತಳತೆಯಲ್ಲಿ, ಬೋಲ್ಟ್ ಉಜ್ಜುವುದು ಸ್ಟೇನ್‌ಲೆಸ್ ಮೇಲೆ. ಮೊದಲಿಗಿಂತ ಗಟ್ಟಿ ಎಂದದ್ದು ಇದಕ್ಕೇ.

ಮೂರನೆಯದು ಬುಶ್. ಒಳಗೂ ಹೊರಗೂ ಥ್ರೆಡ್ ಇರುವ ಗಟ್ಟಿ ಕೊಳವೆ. ಪದೇ ಪದೇ ಬಿಚ್ಚುವ ಡ್ರೈನ್ ಬೋಲ್ಟಿಗೆ ಇದು ಎಲ್ಲಕ್ಕಿಂತ ಒಳ್ಳೆಯದು, ಆದರೆ ಲೇತ್ ಕೆಲಸ.

ಎಂ-ಸೀಲ್, ಅರಾಲ್ಡೈಟ್, ಟೆಫ್ಲಾನ್ ಟೇಪ್? ಬೇಡ ಮಾರಾಯ್ರೇ. ಬಿಸಿ ಎಣ್ಣೆ, ಇಂಜಿನ್ನಿನ ನಡುಕ, ಎರಡನ್ನೂ ಅವು ಹೆಚ್ಚು ದಿನ ತಡೆಯುವುದಿಲ್ಲ. ಟೇಪಿನ ಚೂರು ಎಣ್ಣೆಯ ಜಾಲರಿಗೆ ಹೋಗಿ ಕೂತರೆ ಸಣ್ಣ ಸಮಸ್ಯೆ ದೊಡ್ಡದಾಗುತ್ತದೆ.

ಬೇಕಾಗುವ ಸಾಮಾನು

ನಿಮ್ಮ ಅಳತೆಯ ಹೆಲಿಕಾಯಿಲ್ ಕಿಟ್. ಅದರಲ್ಲಿ ಡ್ರಿಲ್ ಬಿಟ್, ಟ್ಯಾಪ್, ಕೂರಿಸುವ ಟೂಲ್, ಸುರುಳಿಗಳು, ಬಾಲ ಮುರಿಯುವ ಕಡ್ಡಿ ಇರುತ್ತವೆ. ಇದರ ಜೊತೆಗೆ ಟ್ಯಾಪ್ ಹ್ಯಾಂಡಲ್, ವರ್ನಿಯರ್, ಸಣ್ಣ ಮೂಲೆಮಟ್ಟ, ಗ್ರೀಸ್, ಸೀಮೆಎಣ್ಣೆ, ಹಳೆಯ ಬನಿಯನ್ ಬಟ್ಟೆ, ಮೂತಿ ಉದ್ದದ ಇಕ್ಕಳ. ಕಣ್ಣಿಗೆ ಕನ್ನಡಕ.

ಕಿಟ್ಟಿನ ಟ್ಯಾಪ್ ಮೇಲೆ 6×1 ಎಂದು ಬರೆದಿದ್ದರೂ ಅದು ಸಾಮಾನ್ಯ 6 ಎಂಎಂ ಟ್ಯಾಪ್ ಅಲ್ಲ. ಹೊರಸುತ್ತು 7 ಎಂಎಂಗಿಂತ ಸ್ವಲ್ಪ ಜಾಸ್ತಿ. ಎರಡನ್ನೂ ಒಂದೇ ಡಬ್ಬಿಯಲ್ಲಿ ಬೆರೆಸಿಡಬೇಡಿ. ಕೊರೆಯುವ ಅಳತೆ 6 ಎಂಎಂಗೆ ಸುಮಾರು 6.3, 8 ಎಂಎಂಗೆ 8.3ರಿಂದ 8.4, 10×1.25ಕ್ಕೆ 10.3ರ ಆಸುಪಾಸು. ಕಿಟ್ ಮೇಲೆ ಬೇರೆ ಬರೆದಿದ್ದರೆ ಅದೇ ಸರಿ.

ಸುರುಳಿಗಳು ಬೇರೆ ಬೇರೆ ಉದ್ದದಲ್ಲಿ ಬರುತ್ತವೆ. ಬೋಲ್ಟಿನ ದಪ್ಪದ ಒಂದೂವರೆ ಪಟ್ಟು, ಅಂದರೆ 6 ಎಂಎಂಗೆ 9 ಎಂಎಂ ಉದ್ದದ್ದು, ಇಂಜಿನ್ ಕೇಸಿಗೆ ಸರಿ.

6 ಎಂಎಂ ಕವರ್ ಬೋಲ್ಟ್: ಕೊರೆಯುವುದು

ಎಣ್ಣೆ ಖಾಲಿ ಮಾಡಿ, ಕವರ್ ಬಿಚ್ಚಿ. ಒಳಗೆ ಕ್ಲಚ್, ಗೇರ್ ಎಲ್ಲ ತೆರೆದಿರುತ್ತವೆ. ಅವನ್ನೆಲ್ಲ ಬಟ್ಟೆಯಿಂದ ಮುಚ್ಚಿ, ಅಂಚಿಗೆ ಟೇಪ್ ಹಚ್ಚಿ. ಬೋಲ್ಟ್ ತೂತಿನ ಸುತ್ತ ಮಾತ್ರ ಬಯಲಿರಲಿ. ಬೈಕನ್ನು ವಾಲಿಸಿ ನಿಲ್ಲಿಸಿದರೆ ಪುಡಿ ಹೊರಗೇ ಬೀಳುತ್ತದೆ.

ತೂತಿನ ಹಳೆಯ ಆಳ ಅಳೆದು, ಡ್ರಿಲ್ ಬಿಟ್ ಮೇಲೆ ಟೇಪ್ ಸುತ್ತಿ ಗುರುತು ಮಾಡಿ. ಅದಕ್ಕಿಂತ ಒಂದು ಎಂಎಂ ಕೂಡ ಆಳಕ್ಕೆ ಹೋಗಬೇಡಿ. ಕೆಳಗೆ ಎಣ್ಣೆಯ ದಾರಿ ಇರಬಹುದು, ತೆಳು ಗೋಡೆ ಇರಬಹುದು. ತೂತಿನ ಬಾಯಿಯಲ್ಲಿ ಡೋವೆಲ್ ಎಂಬ ಸಣ್ಣ ಕೊಳವೆ ಕೂತಿದ್ದರೆ ಅದನ್ನು ಇಕ್ಕಳದಿಂದ ತೆಗೆದಿಡಿ. ಅದು ಕೂರುವ ಅಗಲದ ಗುಂಡಿಗೆ ಪೆಟ್ಟಾಗಬಾರದು. ಕವರ್ ತನ್ನ ಜಾಗದಲ್ಲೇ ಕೂರುವುದು ಅದರ ಬಲದಿಂದ.

ಈಗ ಮುಖ್ಯ ಮಾತು. ಥ್ರೆಡ್ ಹೋದ ತೂತು ಈಗಾಗಲೇ ಸುಮಾರು 6 ಎಂಎಂ ಆಗಿದೆ. ಅದನ್ನು 6.3 ಮಾಡಲು ತೆಗೆಯಬೇಕಾದ್ದು ಕೂದಲೆಳೆಯಷ್ಟು. ಇದಕ್ಕೆ ಎಲೆಕ್ಟ್ರಿಕ್ ಡ್ರಿಲ್ ಬೇಕಾಗಿಯೇ ಇಲ್ಲ. ಹಳೆಯ ತೂತಿಗೆ ಮೆಷಿನ್ ಡ್ರಿಲ್ ಇಟ್ಟರೆ ಅದು ಅಲ್ಯೂಮಿನಿಯಂ ಕಚ್ಚಿಕೊಂಡು ತಾನಾಗಿ ಒಳಗೆ ನುಗ್ಗುತ್ತದೆ, ತೂತು ವಾರೆಯಾಗುತ್ತದೆ. ಡ್ರಿಲ್ ಬಿಟ್ಟನ್ನು ಟ್ಯಾಪ್ ಹ್ಯಾಂಡಲಿಗೆ ಕಚ್ಚಿಸಿ ಕೈಯಲ್ಲೇ ತಿರುಗಿಸಿ. ಗುಂಡು ಕಾಂಡ ಜಾರುತ್ತಿದ್ದರೆ ಹ್ಯಾಂಡ್ ಡ್ರಿಲ್ಲಿನ ಚಕ್ಕಿಗೆ (ಬಿಟ್ ಹಿಡಿಯುವ ಬಾಯಿಗೆ) ಹಾಕಿ, ಚಕ್ಕನ್ನೇ ಕೈಯಲ್ಲಿ ತಿರುಗಿಸಿ. ಮೂರು ನಾಲ್ಕು ಸುತ್ತಿಗೊಮ್ಮೆ ಹೊರತೆಗೆದು ಪುಡಿ ಒರೆಸಿ. ಬಿಟ್ಟಿನ ಸಂದಿಗೆ ಗ್ರೀಸ್ ತುಂಬಿಸಿ, ಪುಡಿ ಅದಕ್ಕೇ ಅಂಟುತ್ತದೆ.

ನೆಟ್ಟಗೆ ಹೋಗುವುದಕ್ಕೆ ಕವರ್ ಅನ್ನೇ ಗೈಡ್ ಮಾಡಿಕೊಳ್ಳಬಹುದು. ಹಳೆಯ ಗ್ಯಾಸ್ಕೆಟ್, ಬೇರೆ ಕಡೆಯ ಡೋವೆಲ್ ಹಾಕಿ ಕವರನ್ನು ಎರಡು ಮೂರು ಬೋಲ್ಟಿನಲ್ಲಿ ಕೂರಿಸಿ. ಅದರ ಬೋಲ್ಟ್ ತೂತು ಸಾಮಾನ್ಯವಾಗಿ 6.5ರ ಹತ್ತಿರ, ಉದ್ದವೂ ಚೆನ್ನಾಗಿರುತ್ತದೆ. 6.3ರ ಬಿಟ್ ಅದರೊಳಗೆ ಆಚೆ ಈಚೆ ವಾಲಲು ಜಾಗವೇ ಇಲ್ಲ. ಆಳದ ಗುರುತನ್ನು ಕವರಿನ ದಪ್ಪ ಸೇರಿಸಿ ಹಾಕಿಕೊಳ್ಳಿ. ಬಿಟ್ ಅಷ್ಟು ಉದ್ದ ಇಲ್ಲದಿದ್ದರೆ ಇನ್ನೊಂದು ಉಪಾಯ: ಲೇತಿನವರ ಹತ್ತಿರ 20 ಎಂಎಂ ದಪ್ಪದ ಕಬ್ಬಿಣದ ತುಂಡಿಗೆ ಡ್ರಿಲ್ ಪ್ರೆಸ್ಸಿನಲ್ಲಿ ಅದೇ ಬಿಟ್ಟಿನ ತೂತು ಹೊಡೆಸಿಕೊಳ್ಳಿ. ಅದನ್ನು ಪಕ್ಕದ ಬೋಲ್ಟಿಗೆ ಕಟ್ಟಿದರೆ ಗೈಡ್ ಸಿದ್ಧ.

ಟ್ಯಾಪ್ ಹೊಡೆಯುವುದು

ಕೊರೆದ ಮೇಲೆ ಕವರ್ ತೆಗೆದು ತೂತನ್ನು ಪೂರ್ತಿ ಒರೆಸಿ. ಟ್ಯಾಪಿಗೆ ಸೀಮೆಎಣ್ಣೆ ಹಚ್ಚಿ. ಅಲ್ಯೂಮಿನಿಯಂಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ, ಲೇತಿನವರೂ ಅದನ್ನೇ ಬಳಸುತ್ತಾರೆ. ಸಿಗದಿದ್ದರೆ ಡಬ್ಲ್ಯುಡಿ-40 ಆದೀತು.

ಮೊದಲ ಎರಡು ಸುತ್ತು ಸ್ವಲ್ಪ ಒತ್ತಿ ತಿರುಗಿಸಿ. ನಿಲ್ಲಿಸಿ. ಮೂಲೆಮಟ್ಟವನ್ನು ಕೇಸಿನ ಮುಖದ ಮೇಲಿಟ್ಟು ಟ್ಯಾಪ್ ನೆಟ್ಟಗಿದೆಯಾ ನೋಡಿ. ಒಂದು ದಿಕ್ಕಿನಿಂದ ನೋಡಿದರೆ ಸಾಲದು, 90 ಡಿಗ್ರಿ ತಿರುಗಿಸಿ ಮತ್ತೊಮ್ಮೆ. ವಾರೆ ಕಂಡರೆ ಸರಿಮಾಡಲು ಇದೇ ಹೊತ್ತು. ನಾಲ್ಕನೇ ಸುತ್ತಿನ ನಂತರ ಟ್ಯಾಪ್ ತಾನು ಹಿಡಿದ ದಾರಿಯನ್ನು ಬಿಡುವುದಿಲ್ಲ.

ಆಮೇಲೆ ಒತ್ತಬೇಡಿ, ಬರೀ ತಿರುಗಿಸಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಒಳಗೆ ಚೂರು ಮುರಿಯುವುದು ಕೈಗೆ ಗೊತ್ತಾಗುತ್ತದೆ. ತಳ ಇರುವ ತೂತಿನಲ್ಲಿ ನಡುನಡುವೆ ಪೂರ್ತಿ ಹೊರತೆಗೆದು ಒರೆಸಿ. ತಿರುಗಿಸುವುದು ಏಕಾಏಕಿ ಗಟ್ಟಿಯಾದರೆ ತಳ ಬಂತು, ಇಲ್ಲವೇ ಚೂರು ತುಂಬಿದೆ. ಎರಡರಲ್ಲೂ ಬಲ ಹಾಕಬಾರದು. ಒಳಗೆ ಮುರಿದ ಟ್ಯಾಪ್ ಡ್ರಿಲ್ಲಿಗೆ ಬಗ್ಗುವುದಿಲ್ಲ, ಅದು ಡ್ರಿಲ್ಲಿನಷ್ಟೇ ಗಟ್ಟಿ. ಅದನ್ನು ತೆಗೆಯಲು ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಎರೋಷನ್ ಯಂತ್ರ ಇರುವ ವರ್ಕ್‌ಶಾಪ್ ಹುಡುಕಬೇಕಾಗುತ್ತದೆ. ಬಡ್ಡಾದ ಅಗ್ಗದ ಟ್ಯಾಪ್ ಬೇಡ ಎನ್ನುವುದೂ ಇದಕ್ಕೇ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಎಂದು ಬರೆದಿರುವುದನ್ನೇ ತೆಗೆದುಕೊಳ್ಳಿ.

ಟ್ಯಾಪಿನ ತುದಿ ಸಪೂರ ಇರುವುದರಿಂದ ತಳದ ಎರಡು ಮೂರು ಸುತ್ತು ಪೂರ್ತಿ ಕತ್ತರಿಸುವುದಿಲ್ಲ. ಅಲ್ಲಿಗೆ ಸುರುಳಿ ಇಳಿಯುವುದೂ ಇಲ್ಲ. ತೂತು ಗಿಡ್ಡ ಇದ್ದರೆ 9ರ ಬದಲು 6 ಎಂಎಂ ಉದ್ದದ ಸುರುಳಿ ಹಾಕಿ.

ಕಾಯಿಲ್ ಕೂರಿಸುವುದು

ಸೀಮೆಎಣ್ಣೆ, ಗ್ರೀಸ್ ಎಲ್ಲ ಹೋಗುವಂತೆ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ತೂತು ಒರೆಸಿ, ಒಣಗಲು ಬಿಡಿ. ಸುರುಳಿಯನ್ನು ಟೂಲಿಗೆ ಹಾಕಿ. ಅದರ ತಳದಲ್ಲಿರುವ ಅಡ್ಡ ಬಾಲ ಟೂಲಿನ ಸಂದಿಗೆ ಕೂರಬೇಕು. ಒತ್ತದೆ ತಿರುಗಿಸಿ. ಒತ್ತಿದರೆ ಸುರುಳಿ ಒಂದು ಥ್ರೆಡ್ ಹಾರಿ ಅಡ್ಡ ಕೂರುತ್ತದೆ. ಮೇಲಿನ ತುದಿ ಕೇಸಿನ ಮುಖಕ್ಕಿಂತ ಕಾಲು ಸುತ್ತಿನಿಂದ ಅರ್ಧ ಸುತ್ತು ಕೆಳಗೆ ಹೋದಾಗ ನಿಲ್ಲಿಸಿ. ಟೂಲನ್ನು ಹಿಂದಕ್ಕೆ ತಿರುಗಿಸಬೇಡಿ, ನೇರ ಮೇಲಕ್ಕೆ ಎತ್ತಿ.

ಬಾಲ ಮುರಿಯಲು ಕಡ್ಡಿ ಇಳಿಸಿ ಒಂದೇ ಸಣ್ಣ ಏಟು. ಮುರಿದ ತುಂಡನ್ನು ಗ್ರೀಸ್ ಹಚ್ಚಿದ ಕಡ್ಡಿಯಿಂದ ಹೊರತೆಗೆದು ಕಣ್ಣಾರೆ ನೋಡಿ. ಮ್ಯಾಗ್ನೆಟ್ ನಂಬಬೇಡಿ, ಸ್ಟೇನ್‌ಲೆಸ್ ಅದಕ್ಕೆ ಸರಿಯಾಗಿ ಅಂಟುವುದಿಲ್ಲ. ಅಲ್ಯೂಮಿನಿಯಂ ಪುಡಿಯಂತೂ ಅಂಟುವುದೇ ಇಲ್ಲ. ಕೊನೆಗೆ ಬೋಲ್ಟನ್ನು ಬೆರಳಿನಲ್ಲೇ ತಿರುಗಿಸಿ ನೋಡಿ. ಕೊನೆಯವರೆಗೆ ಬೆರಳಿನಲ್ಲೇ ಹೋಗಬೇಕು.

ಡ್ರೈನ್ ಬೋಲ್ಟ್

ಇಲ್ಲಿ ಕವರ್ ಇಲ್ಲ, ತೂತು ಸೀದಾ ಎಣ್ಣೆ ನಿಲ್ಲುವ ಜಾಗಕ್ಕೆ ತೆರೆಯುತ್ತದೆ. ಕೆಳಗಿನಿಂದ ಕೊರೆಯುವಾಗ ಹೆಚ್ಚಿನ ಪುಡಿ ಕೆಳಗೇ ಬೀಳುತ್ತದೆ, ಆದರೂ ಸ್ವಲ್ಪ ಒಳಗೆ ಹೋಗಿಯೇ ಹೋಗುತ್ತದೆ. ಗ್ರೀಸ್ ಹಚ್ಚಿದ ಬಟ್ಟೆಯ ಉಂಡೆಗೆ ಗಟ್ಟಿ ನೂಲು ಕಟ್ಟಿ ತೂತಿನ ಒಳಗೆ ತಳ್ಳಿ, ನೂಲಿನ ತುದಿ ಹೊರಗಿರಲಿ. ಬಿಟ್ ಅದನ್ನು ಕಚ್ಚದಷ್ಟು ಒಳಗಿರಬೇಕು. ಕೊರೆಯುವುದು, ಟ್ಯಾಪ್ ಹೊಡೆಯುವುದು ಮುಗಿದ ಮೇಲೆ ನೂಲು ಎಳೆದು ತೆಗೆಯಿರಿ.

ಆಮೇಲೆ ತೊಳೆಯಿರಿ. ಮೇಲಿನ ಎಣ್ಣೆ ಮುಚ್ಚಳದಿಂದ ಅರ್ಧ ಲೀಟರ್ ಅಗ್ಗದ ಎಣ್ಣೆ ಹಾಕಿ, ಕೆಳಗಿನಿಂದ ಹರಿಯಲು ಬಿಡಿ. ಬಿಳಿ ಬಟ್ಟೆಯಲ್ಲಿ ಸೋಸಿ. ಮಿನುಗುವ ಚೂರು ಕಂಡರೆ ಇನ್ನೊಮ್ಮೆ. ಇಂಜಿನ್ ಸ್ಟಾರ್ಟ್ ಮಾಡಿ ತೊಳೆಯುವ ಯೋಚನೆ ಬೇಡವೇ ಬೇಡ. ಎಣ್ಣೆ ಜಾಲರಿ ಇರುವ ಇಂಜಿನ್ ಆದರೆ ಅದನ್ನೂ ತೆಗೆದು ತೊಳೆದರೆ ಒಳ್ಳೆಯದು.

ಸುರುಳಿಯ ಬಾಲವನ್ನು ಇಲ್ಲಿ ಹೊಡೆದು ಮುರಿಯಬಾರದು, ಒಳಗೆ ಬೀಳುತ್ತದೆ. ಉದ್ದ ಮೂತಿಯ ಇಕ್ಕಳದಿಂದ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ಮುರಿದು ತೆಗೆಯಿರಿ.

ಹೆಲಿಕಾಯಿಲ್ ಸಂದಿಯಿಂದ ಎಣ್ಣೆ ಸೋರುವುದಿಲ್ಲವೇ ಎಂದು ಕೇಳುತ್ತಾರೆ. ಎಣ್ಣೆ ತಡೆಯುವುದು ಥ್ರೆಡ್ ಅಲ್ಲ, ವಾಶರ್. 12 ಎಂಎಂ ಸುರುಳಿಯ ಹೊರಸುತ್ತು ಸುಮಾರು 14 ಎಂಎಂ. ವಾಶರ್ ಅದಕ್ಕಿಂತ ಅಗಲವಾಗಿ ಕೇಸಿನ ನಯವಾದ ಮುಖದ ಮೇಲೆ ಕೂತರೆ ಸೋರುವುದಿಲ್ಲ. ಆ ಮುಖದಲ್ಲಿ ಗೀರು ಬೀಳದಂತೆ ನೋಡಿಕೊಳ್ಳಿ. ಪ್ರತಿ ಸಲ ಹೊಸ ವಾಶರ್ ಹಾಕಿ. ಹಳೆಯ ಚಪ್ಪಟೆ ವಾಶರ್ ಸೋರುತ್ತದೆ ಎಂದು ಜಾಸ್ತಿ ಎಳೆದೇ ಎಷ್ಟೋ ಡ್ರೈನ್ ಥ್ರೆಡ್‌ಗಳು ಹೋಗಿವೆ. ತಾಮ್ರದ ವಾಶರ್ ಆದರೆ ಕೆಂಪಗೆ ಕಾಯಿಸಿ ತಣಿಸಿದರೆ ಮತ್ತೆ ಮೆತ್ತಗಾಗುತ್ತದೆ.

12 ಎಂಎಂ ಕಿಟ್ ಸಿಗದಿದ್ದರೆ ಡ್ರೈನಿಗೆ ಮಾತ್ರ ದೊಡ್ಡ ಬೋಲ್ಟಿನ ದಾರಿಯನ್ನು ಒಪ್ಪುತ್ತೇನೆ. 12.5ಕ್ಕೆ ಕೊರೆದು 14×1.5 ಟ್ಯಾಪ್. ಹಲವು ಕಾರುಗಳ ಡ್ರೈನ್ ಬೋಲ್ಟ್ ಇದೇ ಅಳತೆಯದ್ದು, ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಬೋಲ್ಟ್ ಒಳಗೆ ಯಾವುದಕ್ಕೂ ತಾಗದಷ್ಟು ಗಿಡ್ಡ ಇರಬೇಕು. ತನ್ನ ಥ್ರೆಡ್ ತಾನೇ ಕತ್ತರಿಸಿಕೊಳ್ಳುವ ಓವರ್‌ಸೈಜ್ ಬೋಲ್ಟ್ ಕೂಡ ಮಾರುತ್ತಾರೆ. ಅದರ ಚೂರೆಲ್ಲ ಎಣ್ಣೆಗೇ ಹೋಗುತ್ತದೆ, ತೆಗೆದುಕೊಳ್ಳಬೇಡಿ.

ಎಷ್ಟು ಬಿಗಿ?

6 ಎಂಎಂ ಕವರ್ ಬೋಲ್ಟಿಗೆ 10 ನ್ಯೂಟನ್ ಮೀಟರ್ ಸಾಕು. 8 ಎಂಎಂಗೆ 22ರ ಆಸುಪಾಸು. 12 ಎಂಎಂ ಡ್ರೈನ್ ಬೋಲ್ಟಿಗೆ ಹೆಚ್ಚಾಗಿ 25ರ ಹತ್ತಿರ. ನಿಮ್ಮ ಬೈಕಿನ ಕೈಪಿಡಿಯಲ್ಲಿ ಇರುವುದೇ ಕೊನೆಯ ಮಾತು. ಟಾರ್ಕ್ ರೆಂಚ್ ಇಲ್ಲದಿದ್ದರೆ ಲೆಕ್ಕ ಹೀಗೆ: 10 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿಯಲ್ಲಿ 10 ಕಿಲೋ ಭಾರ ನೇತುಹಾಕಿದರೆ ಸುಮಾರು 10 ನ್ಯೂಟನ್ ಮೀಟರ್. ತೂಕದ ಸ್ಪ್ರಿಂಗ್ ಕೊಕ್ಕೆ ಇದ್ದರೆ ಒಮ್ಮೆ ಎಳೆದು ನೋಡಿ. ಎಷ್ಟು ಕಡಿಮೆ ಬಲ ಸಾಕು ಎಂದು ಆಶ್ಚರ್ಯವಾಗುತ್ತದೆ. ಉದ್ದ ಹಿಡಿಯ ಟಿ ಸ್ಪ್ಯಾನರಿನಲ್ಲಿ ಎರಡೂ ಕೈ ಹಾಕಿದರೆ ಇದರ ಎರಡು ಪಟ್ಟು ದಾಟುವುದು ಕಷ್ಟವೇ ಅಲ್ಲ. ಸರ್ವಿಸಿಗೆ ಕೊಟ್ಟಾಗ ಏರ್ ಗನ್ನಿನಲ್ಲಿ ಕವರ್ ಬೋಲ್ಟ್ ಬಿಗಿಮಾಡುತ್ತಿದ್ದರೆ ಬೇಡ ಅಣ್ಣ ಎಂದು ಹೇಳಿಬಿಡಿ.

ನಮ್ಮ ಉಪ್ಪಿನ ಗಾಳಿಗೆ ಬೋಲ್ಟಿನ ಥ್ರೆಡ್ಡಿಗೆ ಚೂರು ಆಂಟಿ-ಸೀಜ್ ಪೇಸ್ಟ್ (ಬೋಲ್ಟ್ ಹಿಡಿದುಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚಬೇಕು. ಪೇಸ್ಟ್ ಇದ್ದರೆ ಬೋಲ್ಟ್ ಸಲೀಸಾಗಿ ತಿರುಗುತ್ತದೆ, ಹಾಗಾಗಿ ಬಿಗಿಯನ್ನು ಸ್ವಲ್ಪ ಕಡಿಮೆ ಇಡಿ. ಅಂದಕ್ಕೆಂದು ಎಲ್ಲ ಬೋಲ್ಟ್ ತೆಗೆದು ಸ್ಟೇನ್‌ಲೆಸ್ ಅಲೆನ್ ಬೋಲ್ಟ್ ಹಾಕಿಸುವವರು ಇದನ್ನು ಮರೆಯಲೇಬಾರದು. ಆ ಬೋಲ್ಟ್ ಹೊಳೆಯುತ್ತಲೇ ಇರುತ್ತದೆ, ಒಳಗೆ ಅಲ್ಯೂಮಿನಿಯಂ ಸವೆಯುತ್ತಾ ಇರುತ್ತದೆ.

ಲೇತಿಗೆ ಒಯ್ಯಬೇಕಾದವು

ಸ್ಪಾರ್ಕ್ ಪ್ಲಗ್ ತೂತು, ಸಿಲಿಂಡರ್ ಸ್ಟಡ್ (ಸಿಲಿಂಡರ್, ಹೆಡ್ ಹಿಡಿದಿಡುವ ತಲೆಯಿಲ್ಲದ ಉದ್ದ ಬೋಲ್ಟ್), ಕೇಸಿನಲ್ಲಿ ಬಿರುಕು ಬಿಟ್ಟ ಬೋಲ್ಟ್ ಜಾಗ. ಇವಕ್ಕೆ ಮನೆಯಲ್ಲಿ ಕೈ ಹಾಕುವುದು ಬೇಡ. ಪ್ಲಗ್ ತೂತಿನ ಪುಡಿ ಸೀದಾ ಪಿಸ್ಟನ್ ಮೇಲೆ ಬೀಳುತ್ತದೆ, ಹೆಡ್ ಬಿಚ್ಚಿ ಮೇಜಿನ ಮೇಲಿಟ್ಟೇ ಮಾಡಬೇಕು. ಸ್ಟಡ್ ಸ್ವಲ್ಪ ವಾರೆಯಾದರೂ ಹೆಡ್ ಕೂರುವುದಿಲ್ಲ.

ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸದವರು ಸಿಗುತ್ತಾರೆ. ಮಂಗಳೂರಿನ ಮೀನುಗಾರಿಕಾ ಬಂದರು ದಕ್ಕೆ, ಮಲ್ಪೆ ಕಡೆ ಬೋಟಿನ ಇಂಜಿನ್ ಕೆಲಸ ಮಾಡುವವರಿಗೂ ಬುಶ್ ಹಾಕುವುದು ಹೊಸದಲ್ಲ. ಹೋಗುವಾಗ ಬಿಡಿಭಾಗದ ಜೊತೆ ಹೊಸ ಬೋಲ್ಟ್ ಅಥವಾ ಹೊಸ ಪ್ಲಗ್ ಕೊಂಡುಹೋಗಿ. ಅದನ್ನು ಹಾಕಿ ನೋಡಿಯೇ ಅವರು ಬುಶ್ಶಿನ ಒಳ ಥ್ರೆಡ್ ಕತ್ತರಿಸಲಿ. ಬುಶ್ ಉಕ್ಕಿನದ್ದೇ ಇರಲಿ, ಅಲ್ಯೂಮಿನಿಯಂನದ್ದು ಬೇಡ ಎಂದು ಮೊದಲೇ ಹೇಳಿ. ಡ್ರೈನ್ ಬುಶ್ ಆದರೆ ಅದು ಕೇಸಿನ ಮುಖಕ್ಕೆ ಸಮವಾಗಿ, ಇಲ್ಲವೇ ಕೂದಲೆಳೆಯಷ್ಟು ಒಳಗೆ ನಿಲ್ಲಬೇಕು. ಹೊರಗೆ ಉಬ್ಬಿದರೆ ವಾಶರ್ ಬುಶ್ ಮೇಲೆ ಕೂರುತ್ತದೆ, ಬುಶ್ ಸುತ್ತಲಿಂದ ಎಣ್ಣೆ ಜಿನುಗುತ್ತದೆ. ದುಡ್ಡು ಕೊಡುವ ಮುಂಚೆ ಅಲ್ಲೇ ಬುಶ್ ಅಂಚಿನ ಮೇಲೆ ಉಗುರು ಎಳೆದು ನೋಡಿ.